ಎಳೆಗಾಳದ ಸಲಕರಣೆ ಮತ್ತು ಒಂದು ದುಬಾರಿ ಪಟ್ಟಿ



ಪ್ರತಿವರ್ಷ ಜೂನ್ ತಿಂಗಳು ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಎಂಬುದೇ ಆ ಸುದ್ದಿ. ಇದನ್ನು ಕೆಲವರು 'ಟ್ರಾಲಿಂಗ್ ನಿಷೇಧ'ವೆಂದು ಬರೆದರೆ ಇನ್ನು ಕೆಲವರು 'ಟ್ರೋಲಿಂಗ್ ನಿಷೇಧ' ಎನ್ನುತ್ತಾರೆ. ನೆರೆಯ ಕೇರಳದಲ್ಲಂತೂ 'ಟ್ರೋಳಿಂಗ್ ನಿರೋಧನಂ' ಎಂಬುದೇ ರೂಢಿಯ ಮಾತಾಗಿಬಿಟ್ಟಿದೆ. ಒಂದು ಸ್ವರದ ವ್ಯತ್ಯಾಸ ತಾನೇ ಎಂದು ನೀವು ಕೇಳಬಹುದು. ಆ ಒಂದು ಸ್ವರದಲ್ಲಿ ಕಡಲಿನಷ್ಟು ಅಂತರವಿದೆ ಎಂಬುದು ನನ್ನ ಅಭಿಪ್ರಾಯ.

ಟ್ರಾಲ್ ಎಂದರೆ ಚೀಲದಂತಹ ದೊಡ್ಡ ಬಲೆ. ಬಲವಾದ ಯಂತ್ರವುಳ್ಳ ಬೋಟು ಅದನ್ನು ಕಡಲ ತಳದ ಮೇಲೆ ಎಳೆದುಕೊಂಡು ಹೋಗುತ್ತದೆ. ದಾರಿಯಲ್ಲಿ ಸಿಕ್ಕಿದ್ದೆಲ್ಲವೂ, ಬೇಕಾದದ್ದು ಬೇಡವಾದದ್ದು, ಹಿರಿದು ಕಿರಿದು, ಆ ಚೀಲವನ್ನು ಸೇರುತ್ತದೆ. ಟ್ರೋಲ್ ಎಂದರೆ ಚಲಿಸುವ ದೋಣಿಯ ಹಿಂದೆ ನೀಳವಾದ ದಾರವನ್ನು ಬಿಟ್ಟು, ಅದರ ತುದಿಯಲ್ಲಿ ಎರೆ ಕಟ್ಟಿದ ಗಾಳವನ್ನು ಎಳೆದುಕೊಂಡು ಹೋಗುವುದು. ಒಂದು ಗಾಳಕ್ಕೆ ಒಂದು ಮೀನು. ಅದೂ ಎರೆಯನ್ನು ಕಂಡು, ಬೆನ್ನಟ್ಟಿ, ಬಾಯಿ ಹಾಕುವ ಮನಸ್ಸು ಮಾಡಿದ ಮೀನು ಮಾತ್ರ. ಮೊದಲನೆಯದು ಗುಡಿಸುವ ಕೆಲಸ, ಎರಡನೆಯದು ಆರಿಸುವ ಕೆಲಸ. ಇವೆರಡನ್ನೂ ಒಂದೇ ಹೆಸರಿನಿಂದ ಕರೆದರೆ, ಗುಡಿಸಿದವನ ಅಪವಾದ ಆರಿಸಿದವನ ತಲೆಯ ಮೇಲೂ ಬೀಳುತ್ತದೆ. (ಅಂತರ್ಜಾಲದಲ್ಲಿ ಅನ್ಯರನ್ನು ಕೆಣಕಿ ಜಗಳಕ್ಕೆಳೆಯುವವರಿಗೂ 'ಟ್ರೋಲ್' ಎಂಬ ಹೆಸರು ಅಂಟಿಕೊಂಡಿದೆ. ಅದಕ್ಕೆ ಮೂಲವೂ ಈ ಎರೆ ಎಳೆಯುವ ಕ್ರಿಯೆಯೇ ಎಂದು ಹೇಳುವವರಿದ್ದಾರೆ. ಪಾಪ, ಗಾಳದವನಿಗೆ ಎಲ್ಲ ಕಡೆಯಿಂದಲೂ ಕೆಟ್ಟ ಹೆಸರು!)

ನಾನು ಇದನ್ನು ಕನ್ನಡದಲ್ಲಿ 'ಎಳೆಗಾಳ' ಎಂದು ಕರೆಯುತ್ತೇನೆ. ಪದಕೋಶದಲ್ಲಿ ಹುಡುಕಬೇಡಿರಿ, ಇದು ನಾನೇ ಕಟ್ಟಿಕೊಂಡ ಪದ. 'ಎಳೆ' ಎಂದರೆ ಸೆಳೆಯುವುದೂ ಹೌದು, ದಾರದ ತಂತುವೂ ಹೌದು. ಎರಡರ್ಥವೂ ಇಲ್ಲಿ ಸಲ್ಲುವುದರಿಂದ ಆ ಹೆಸರು ನನಗೆ ಹಿಡಿಸಿತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯಲ್ಲಿ ಓದಿದ, ಈಗ ಐವತ್ತು ದಾಟಿರುವ ಒಬ್ಬ ಮೀನುಗಾರ ವಿದ್ಯಾರ್ಥಿ ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದ. ಮಗ ಮಸ್ಕತ್ತಿನಿಂದ ಕೆಲಸ ಬಿಟ್ಟು ಊರಿಗೆ ಮರಳಿದ್ದಾನೆ. ಅಪ್ಪನ ಹಾಗೆಯೇ ಕಡಲಿಗಿಳಿಯುತ್ತೇನೆ, ಆದರೆ ಬಲೆ ಬೇಡ, ಗಾಳ ಹಾಕಿ ದೊಡ್ಡ ಮೀನು ಹಿಡಿಯುತ್ತೇನೆ ಎನ್ನುತ್ತಾನಂತೆ. ಸಂತೋಷದ ಸಂಗತಿ. ಆದರೆ ಅವನು ಮೊಬೈಲಿನಲ್ಲಿ ಪರದೇಶದ ವಿಡಿಯೊಗಳನ್ನು ನೋಡಿ ತಯಾರಿಸಿದ ಸಲಕರಣೆಗಳ ಪಟ್ಟಿಯ ಮೊತ್ತ ಎರಡು ಲಕ್ಷ ರೂಪಾಯಿಗಳನ್ನು ಮೀರಿತ್ತು. ದೋಣಿ ಮತ್ತು ಯಂತ್ರದ ಖರ್ಚು ಬೇರೆ. ತಾಯಿಯ ಬಂಗಾರವನ್ನು ಅಡವಿಡುವ ಮಾತು ಮನೆಯಲ್ಲಿ ನಡೆದಿತ್ತು. "ಮಾಸ್ತರ್ರೇ, ನನ್ನ ಮಾತು ಕೇಳೂದಿಲ್ಲ ಅವ. ನೀವಾದ್ರೂ ಒಂದ್ ಮಾತ್ ಹೇಳಿ" ಎಂದು ಆ ಪಟ್ಟಿಯನ್ನು ನನ್ನ ಕೈಗಿತ್ತ. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ವಿಜ್ಞಾನ ಹೇಳಿದ ನನಗೆ, ಕಡಲ ಪಾಠವನ್ನು ಹೇಳಿಕೊಟ್ಟವರು ಆ ಮಕ್ಕಳ ಮನೆಯವರೇ. ಅವರಿಂದ ಕಲಿತದ್ದನ್ನೂ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಆ ಹುಡುಗನಿಗೆ ಹೇಳಿದ ಮಾತುಗಳನ್ನೇ ಇಲ್ಲಿ ವಿಸ್ತರಿಸುತ್ತಿದ್ದೇನೆ. ನಿಮ್ಮಲ್ಲಿ ಹಲವರ ಮಕ್ಕಳೂ ಇಂತಹ ಪಟ್ಟಿಗಳನ್ನು ಹಿಡಿದು ಕುಳಿತಿರಬಹುದು.

ಪಟ್ಟಿಯ ತಲೆಯಲ್ಲಿದ್ದುದು 'ಡೌನ್‌ರಿಗರ್' ಎಂಬ ಯಂತ್ರ. ನಾಲ್ಕೈದು ಕಿಲೋ ತೂಕದ ಸೀಸದ ಗುಂಡನ್ನು ಉಕ್ಕಿನ ತಂತಿಯಲ್ಲಿ ಕಟ್ಟಿ ರಾಟೆಯಿಂದ ನೀರಿನಾಳಕ್ಕೆ ಇಳಿಸುತ್ತಾರೆ. ಗಾಳದ ದಾರವನ್ನು ಆ ಗುಂಡಿಗೆ ಒಂದು ಚಿಮಟಿಗೆಯಿಂದ ಸಿಕ್ಕಿಸಿರುತ್ತಾರೆ. ಮೀನು ಕಚ್ಚಿದೊಡನೆ ದಾರ ಚಿಮಟಿಗೆಯಿಂದ ಬಿಡಿಸಿಕೊಳ್ಳುತ್ತದೆ. ಬಹಳ ಜಾಣತನದ ಉಪಕರಣ, ಅದರಲ್ಲಿ ಸಂಶಯವಿಲ್ಲ. ಆದರೆ ಅದು ಯಾವ ನೀರಿಗಾಗಿ ಬೆಳೆದು ಬಂತು ಎಂಬುದನ್ನು ನೋಡಬೇಕು. ಅಮೆರಿಕದ ಮಿಷಿಗನ್ ರಾಜ್ಯದವರು 1966ರಲ್ಲಿ ಅಲ್ಲಿನ ಮಹಾಸರೋವರಕ್ಕೆ ಕೋಹೋ ಎಂಬ ಸಾಲ್ಮನ್ ಮೀನಿನ ಮರಿಗಳನ್ನು ಬಿಟ್ಟರು. ಆ ಮೀನು ಬೇಸಿಗೆಯಲ್ಲಿ ತಣ್ಣೀರನ್ನು ಹುಡುಕಿಕೊಂಡು ಸರೋವರದ ಆಳಕ್ಕಿಳಿಯುತ್ತದೆ. ಅಷ್ಟು ಆಳದಲ್ಲಿ, ಅದೂ ನಿಗದಿಯಾದ ಒಂದು ಪದರದಲ್ಲಿ, ಎರೆಯನ್ನು ಓಡಿಸಬೇಕಾದ ಅಗತ್ಯ ಅಲ್ಲಿತ್ತು. ಆದ್ದರಿಂದ ಆ ಯಂತ್ರ ಅಲ್ಲಿ ಮನೆಮಾತಾಯಿತು. ನಮ್ಮ ಕರಾವಳಿಯ ಕಡಲತಳವಾದರೋ ಬಹು ಮೆಲ್ಲನೆ ಇಳಿಯುವಂಥದು. ದಡದಿಂದ ಹಲವು ಕಿಲೋಮೀಟರು ಹೋದರೂ ಆಳ ಹದಿನೈದಿಪ್ಪತ್ತು ಮೀಟರ್ ಮಾತ್ರ. ನಾವು ಬಯಸುವ ಇಸ್ವಾಣ ಮೀನು (ದಕ್ಷಿಣದವರು ಅಂಜಲ್ ಎನ್ನುವುದು ಇದನ್ನೇ) ಬಂಗಡೆ, ತಾರ್ಲೆಗಳ ಹಿಂಡನ್ನು ಅಟ್ಟಿಸಿಕೊಂಡು ಮೇಲ್ನೀರಿಗೂ ಬರುತ್ತದೆ. ಮೊಣಕಾಲುದ್ದದ ತೊರೆಗೆ ಹಡಗಿನ ಲಂಗರು ಏತಕ್ಕೆ?

ಎರೆ ಎಷ್ಟು ಆಳದಲ್ಲಿ ಓಡಬೇಕು ಎಂಬುದನ್ನು ನಿರ್ಧರಿಸಲು ಯಂತ್ರ ಬೇಕಿಲ್ಲ, ನಾಲ್ಕು ವಿಷಯಗಳ ತಿಳಿವು ಬೇಕು. ಸೀಸದ ತೂಕ, ಬಿಟ್ಟ ದಾರದ ಉದ್ದ, ದಾರದ ದಪ್ಪ ಮತ್ತು ದೋಣಿಯ ವೇಗ. ಒಂಬತ್ತನೆಯ ತರಗತಿಯಲ್ಲಿ ನನ್ನ ಪಾಠ ಕೇಳಿದವರಿಗೆ ನೆನಪಿರಬಹುದು, ನೀರಿನಲ್ಲಿ ಚಲಿಸುವ ವಸ್ತುವಿನ ಮೇಲೆ ನೀರು ಒಡ್ಡುವ ತಡೆ ವೇಗದ ವರ್ಗಕ್ಕನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಸೀಸದ ತೂಕ ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದ ದೋಣಿಯ ವೇಗವನ್ನು ಸ್ವಲ್ಪ ಹೆಚ್ಚಿಸಿದರೂ ಎರೆ ಮೇಲಕ್ಕೇಳುತ್ತದೆ, ತಗ್ಗಿಸಿದರೆ ಮುಳುಗುತ್ತದೆ. ದಪ್ಪ ದಾರವು ತೆಳುದಾರಕ್ಕಿಂತ ಹೆಚ್ಚು ತಡೆಯನ್ನು ಅನುಭವಿಸಿ ಮೇಲೆಯೇ ಉಳಿಯುತ್ತದೆ. ಸತ್ತ ಮೀನನ್ನು ಎರೆಯಾಗಿ ಕಟ್ಟಿದಾಗ ಎರಡರಿಂದ ನಾಲ್ಕು ನಾಟ್ ವೇಗ ಸಾಕು. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಹುಸಿಮೀನುಗಳನ್ನು ಕಟ್ಟಿದರೆ ಇನ್ನೂ ತುಸು ವೇಗ ಬೇಕಾಗುತ್ತದೆ.

ಇದಕ್ಕೆ ಸಂಬಂಧಿಸಿದ ಒಂದು ಸೊಗಸಾದ ಉಪಾಯವನ್ನು ಹಳಬರು ಬಲ್ಲರು. ದೋಣಿಯನ್ನು ಬಳಸಿ ತಿರುಗಿಸುವಾಗ ಒಳಬದಿಯ ದಾರದ ಎರೆ ನಿಧಾನವಾಗಿ ಕೆಳಗಿಳಿಯುತ್ತದೆ. ಹೊರಬದಿಯ ಎರೆ ವೇಗವಾಗಿ ಮೇಲೇರುತ್ತದೆ. ತಿರುವಿನಲ್ಲಿ ಪದೇಪದೇ ಒಳಬದಿಗೇ ಮೀನು ಕಚ್ಚಿದರೆ, ಇಂದು ಮೀನಿಗೆ ನಿಧಾನವಾದ, ಆಳದ ಎರೆ ಬೇಕಾಗಿದೆ ಎಂದರ್ಥ. ಹೊರಬದಿಗೆ ಕಚ್ಚಿದರೆ ವೇಗ ಹೆಚ್ಚಿಸಬೇಕು. ಮೀನೇ ಪಾಠ ಹೇಳುತ್ತದೆ, ಶುಲ್ಕವಿಲ್ಲದೆ.

ಪಟ್ಟಿಯಲ್ಲಿ ಜಿಪಿಎಸ್ ಇತ್ತು. ಅದಕ್ಕೆ ನಾನು ಒಪ್ಪಿಗೆ ಕೊಟ್ಟೆ. ಮರಳಿ ದಡ ಸೇರಲಿಕ್ಕೂ, ಮೀನು ಸಿಕ್ಕ ಜಾಗವನ್ನು ಗುರುತಿಟ್ಟುಕೊಳ್ಳಲಿಕ್ಕೂ ಅದು ಉಪಯುಕ್ತ. ಆದರೆ ಅದು ತೋರಿಸುವ ವೇಗ ನೆಲಕ್ಕೆ ಸಂಬಂಧಿಸಿದ್ದು, ಎರೆ ಅನುಭವಿಸುವ ವೇಗ ನೀರಿಗೆ ಸಂಬಂಧಿಸಿದ್ದು. ಒಂದು ನಾಟ್ ವೇಗದ ಸೆಳವಿನ ಎದುರು ದೋಣಿ ಹೋಗುತ್ತಿರುವಾಗ ಜಿಪಿಎಸ್ ಮೂರು ಎಂದು ತೋರಿಸಿದರೆ ಎರೆಯ ಪಾಲಿಗೆ ಅದು ನಾಲ್ಕು. ಅದೇ ಸೆಳವಿನ ಜೊತೆಗೆ ಬರುವಾಗ ಪರದೆಯ ಮೇಲೆ ಮೂರು ಇದ್ದರೆ ಎರೆಗೆ ಎರಡೇ. ಹೋಗುವಾಗ ಮೀನು ಸಿಕ್ಕಿತು, ಬರುವಾಗ ಸಿಗಲಿಲ್ಲ, ದೈವ ಮುನಿಯಿತು ಎನ್ನುವವರು ಈ ಕೂಡುಕಳೆಯುವ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು.

ಮೀನು ಶೋಧಿಸುವ ಧ್ವನಿಯಂತ್ರದ ಬಗೆಗೆ ನನಗೆ ಅಷ್ಟು ಉತ್ಸಾಹವಿಲ್ಲ. ಕಾರವಾರದ ದೇವಗಡ ದ್ವೀಪದ ಸುತ್ತ, ಮುರುಡೇಶ್ವರದಾಚೆಯ ನೇತ್ರಾಣಿಯ ಬದಿಯಲ್ಲಿ, ಕಲ್ಲು ಎಲ್ಲಿದೆ, ಮಡು ಎಲ್ಲಿದೆ ಎಂಬುದು ಅಪ್ಪನಿಗೆ ಗೊತ್ತಿರುವಾಗ ಮಗನಿಗೆ ಅದನ್ನು ತೋರಿಸಲು ಪರದೆ ಬೇಕೇ? ಹಕ್ಕಿಗಳು ಮುಳುಗಿ ಏಳುವುದು, ಸಣ್ಣ ಮೀನಿನ ಹಿಂಡು ನೀರಿನಿಂದ ಚಿಮ್ಮುವುದು, ನದಿಯ ಕೆಂಪುನೀರೂ ಕಡಲ ನೀಲಿನೀರೂ ಸಂಧಿಸುವ ಗೆರೆ, ಇವೆಲ್ಲ ಬರಿಗಣ್ಣಿಗೆ ಕಾಣುತ್ತವೆ. ದುಬಾರಿ ಕೋಲು ಮತ್ತು ರಾಟೆಗಳ ಮಾತೂ ಅಷ್ಟೆ. ಕೋಲು ಹಿಡಿದು ಮೀನನ್ನು ಆಡಿಸುವುದು ಹವ್ಯಾಸಿಯ ಆನಂದ. ಹೊಟ್ಟೆಪಾಡಿನವನಿಗೆ ಮೀನು ಬೇಗ ದೋಣಿಗೆ ಬಂದಷ್ಟೂ ಒಳಿತು.

ಹವ್ಯಾಸದ ಮಾತು ಬಂದದ್ದರಿಂದ ಒಂದು ವಿಷಯ ನೆನಪಾಯಿತು. ಗಾಳ ಹಾಕುವುದನ್ನು ವಿನೋದವೆಂದು ಎಣಿಸಿ ಶಾಸ್ತ್ರ ಬರೆದವರಲ್ಲಿ ನಮ್ಮ ನಾಡಿನ ಒಬ್ಬ ಅರಸನೂ ಇದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಕಡಲಿನ ಮತ್ತು ಹೊಳೆಯ ಮೀನುಗಳು, ಅವುಗಳಿಗೆ ಹಾಕುವ ಆಹಾರ, ಗಾಳ, ದಾರ, ಕೋಲು ಎಲ್ಲದರ ವಿಚಾರವೂ ಅಲ್ಲಿದೆ. ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಅದರ ಬಗ್ಗೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಅರಸನಿಗೆ ಮೀನು ತಪ್ಪಿಸಿಕೊಂಡರೆ ವಿನೋದಕ್ಕೇನೂ ಕೊರತೆಯಿಲ್ಲ, ಅಂದಿನ ಊಟಕ್ಕೂ ಕೊರತೆಯಿಲ್ಲ. ನಮ್ಮ ಹುಡುಗನ ಸ್ಥಿತಿ ಹಾಗಲ್ಲ. ಆದ್ದರಿಂದಲೇ ಅವನ ಸಲಕರಣೆಯ ಆಯ್ಕೆ ಅರಸನದಕ್ಕಿಂತ ಕಠಿಣವಾದುದು.

ಹಾಗಾದರೆ ಅವನಿಗೆ ಏನೇನು ಬೇಕು? ಮೊದಲನೆಯದು ದಾರ. ಅಂಗಡಿಯಲ್ಲಿ ತಂಗೂಸ್ ಎಂದು ಕೇಳಿ ತರುವ ಏಕತಂತು ನೈಲಾನ್ ದಾರವೇ ಕೈಗಾಳಕ್ಕೆ ಶ್ರೇಷ್ಠವೆಂದು ನಾನು ತಿಳಿಯುತ್ತೇನೆ. ಈಗ ಬಂದಿರುವ ಹೆಣಿಗೆಯ ದಾರಗಳು ಅದೇ ದಪ್ಪಕ್ಕೆ ಹೆಚ್ಚು ಬಲ ಉಳ್ಳವು ನಿಜ. ಆದರೆ ಅವು ಹಿಗ್ಗುವುದಿಲ್ಲ. ಹತ್ತು ಕಿಲೋ ತೂಗುವ ಇಸ್ವಾಣ ಓಟದ ಭರದಲ್ಲಿ ಬಂದು ಕಚ್ಚಿದಾಗಿನ ಜಗ್ಗನ್ನು ಯಾವುದಾದರೊಂದು ವಸ್ತು ತಾಳಿಕೊಳ್ಳಬೇಕಲ್ಲ? ನೈಲಾನ್ ತಾನೇ ಹಿಗ್ಗಿ ತಾಳಿಕೊಳ್ಳುತ್ತದೆ. ಹೆಣಿಗೆ ದಾರವಾದರೆ ಒಂದೋ ಮೀನಿನ ಬಾಯಿ ಹರಿಯುತ್ತದೆ, ಇಲ್ಲವೇ ನಿಮ್ಮ ಬೆರಳು. ಮತ್ತೊಂದು ಮಾತು, ನೈಲಾನ್ ದಾರಕ್ಕೆ ಬಿಸಿಲೇ ವೈರಿ. ವರ್ಷವಿಡೀ ದೋಣಿಯ ಮೇಲೆ ಬಿಸಿಲಿಗೊಡ್ಡಿದ ದಾರ ನೋಡಲು ಹೊಸದರಂತಿದ್ದರೂ ಗಂಟಿನಲ್ಲಿ ಮುರಿಯುತ್ತದೆ. ಗಂಟು ಬಿಗಿಯುವ ಮುನ್ನ ಉಗುಳಿನಿಂದಲೋ ನೀರಿನಿಂದಲೋ ತೇವ ಮಾಡಬೇಕೆಂದು ಹಿರಿಯರು ಹೇಳುವುದರಲ್ಲಿ ಶಾಸ್ತ್ರವಿದೆ. ಒಣದಾರವನ್ನು ಎಳೆದು ಬಿಗಿದರೆ ಉಜ್ಜುವಿಕೆಯ ಬಿಸಿಗೆ ಅಲ್ಲಿಯೇ ಅದರ ಬಲ ಕುಂದುತ್ತದೆ.

ದಾರದ ದೋಣಿಯ ಕಡೆಯ ತುದಿಯಲ್ಲಿ ಒಂದು ಹಳೆಯ ಸೈಕಲ್ ಟ್ಯೂಬಿನ ತುಂಡು. ದಾರವನ್ನು ನೇರವಾಗಿ ದೋಣಿಗೆ ಬಿಗಿಯದೆ ಈ ರಬ್ಬರಿನ ಮೂಲಕ ಬಿಗಿದರೆ ಮೊದಲ ಜಗ್ಗು ಅಲ್ಲಿ ತಣಿಯುತ್ತದೆ, ಮೀನು ಕಚ್ಚಿದ್ದೂ ರಬ್ಬರು ಹಿಗ್ಗಿದ್ದರಿಂದ ತಿಳಿಯುತ್ತದೆ. ಪೆಸಿಫಿಕ್ ದ್ವೀಪಗಳಲ್ಲಿಯೂ ಇದೇ ಯುಕ್ತಿ ಬಳಕೆಯಲ್ಲಿದೆ. ಅಲ್ಲಿನ ದಕ್ಷಿಣ ಪೆಸಿಫಿಕ್ ಆಯೋಗವು 1987ರಲ್ಲಿ ದ್ವೀಪಗಳ ಸಣ್ಣ ಮೀನುಗಾರರಿಗಾಗಿ ಎಳೆಗಾಳದ ಬಗ್ಗೆಯೇ ಚಿತ್ರಸಹಿತವಾದ ಕೈಪಿಡಿಯೊಂದನ್ನು ಹೊರತಂದಿತು. ಅಂತಹುದೊಂದು ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅಷ್ಟೊಂದು ಮೀನುಗಾರರಿರುವ ಮೂರು ಜಿಲ್ಲೆಗಳ ಭಾಷೆಯಲ್ಲಿ ನಲವತ್ತು ಪುಟದ ಪುಸ್ತಕವೊಂದನ್ನು ಅಚ್ಚು ಹಾಕಿಸುವುದು ಯಾವ ಇಲಾಖೆಗೂ ಭಾರವಾಗಲಾರದು.

ಇನ್ನು ಗಾಳದ ಕಡೆಯ ತುದಿ. ಇಲ್ಲಿ ಜಿಪುಣತನ ಸಲ್ಲದು. ಇಸ್ವಾಣದ ಹಲ್ಲು ಚಪ್ಪಟೆಯಾದ ತ್ರಿಕೋನದ ಅಲಗು. ನೈಲಾನ್ ದಾರ ಅದಕ್ಕೆ ನೂಲಿನೆಳೆ. ಆದ್ದರಿಂದ ಗಾಳಕ್ಕೂ ದಾರಕ್ಕೂ ನಡುವೆ ಒಂದು ಗೇಣಿನಿಂದ ಒಂದು ಮೊಳದವರೆಗೆ ಉಕ್ಕಿನ ತಂತಿ ಇರಲೇಬೇಕು. ತಂತಿಗೂ ದಾರಕ್ಕೂ ನಡುವೆ ಸ್ವಿವೆಲ್ ಎಂಬ ತಿರುಗುವ ಕೊಂಡಿ. ಎರೆ ನೀರಿನಲ್ಲಿ ಗಿರಗಿರನೆ ತಿರುಗಿದರೂ ದಾರ ಮುರಿಗೊಳ್ಳದಂತೆ ಇದು ಕಾಯುತ್ತದೆ. ಹುಡುಗನ ಪಟ್ಟಿಯಲ್ಲಿ ಥಳಥಳಿಸುವ ಹಿತ್ತಾಳೆಯ ಕೊಂಡಿಗಳಿದ್ದವು. ನಾನು ಅದನ್ನು ಹೊಡೆದು ಹಾಕಿ 'ಕಪ್ಪು' ಎಂದು ಬರೆದೆ. ಹೊಳೆಯುವ ಕೊಂಡಿಯನ್ನೇ ಸಣ್ಣ ಮೀನೆಂದು ತಿಳಿದು ಇಸ್ವಾಣ ಅದರ ಮೇಲೆರಗುವುದುಂಟು. ಎರಗಿದರೆ ದಾರ ತುಂಡಾಗಿ, ಗಾಳ, ತಂತಿ, ಎರೆ ಎಲ್ಲವೂ ಹೋದಂತೆ.

ಗಾಳದ ಮುಳ್ಳು ಚೂಪಾಗಿರಬೇಕು, ಅಷ್ಟೆ. ನಾರ್ವೆ ದೇಶದ ಮುಸ್ತಾದ್ ಕಂಪನಿ 1877ರಲ್ಲಿ ಯಂತ್ರದಿಂದ ಗಾಳ ತಯಾರಿಸಲಾರಂಭಿಸಿದ ಮೇಲೆ ಕಡಲಿನ ಗಾಳ ಜಗತ್ತಿನಾದ್ಯಂತ ಅಗ್ಗವಾಗಿ ದೊರೆಯುವಂತಾಯಿತು. ಇಂದು ಎಷ್ಟೋ ಹೆಸರಿನ ಗಾಳಗಳಿವೆ. ಉಗುರಿನ ಮೇಲೆ ಇಟ್ಟು ಎಳೆದಾಗ ಜಾರದೆ ಕಚ್ಚಿ ನಿಲ್ಲುವ ಗಾಳ ಸಾಕು. ಜಾರಿದರೆ ಅರದಿಂದ ಎರಡು ಸಲ ಉಜ್ಜಬೇಕು. ತುಕ್ಕೇ ಹಿಡಿಯದ ಗಾಳಕ್ಕಿಂತ, ತವರ ಲೇಪಿಸಿದ ಸಾಮಾನ್ಯ ಉಕ್ಕಿನ ಗಾಳದತ್ತ ನನ್ನ ಒಲವು. ದಾರ ಹರಿದು ಮೀನು ಗಾಳದೊಡನೆ ತಪ್ಪಿಸಿಕೊಂಡರೆ, ಅದು ಕಾಲಕ್ರಮೇಣ ತುಕ್ಕು ಹಿಡಿದು ಕಳಚಿ ಬೀಳುವ ಸಾಧ್ಯತೆಯಾದರೂ ಇರುತ್ತದೆ.

ಎರೆಯ ವಿಚಾರದಲ್ಲಿ ಹುಡುಗನಿಗೂ ನನಗೂ ನಿಜವಾದ ಚರ್ಚೆ ನಡೆಯಿತು. ಅವನ ಪಟ್ಟಿಯಲ್ಲಿ ಪರದೇಶದ ಹನ್ನೆರಡು ಹುಸಿಮೀನುಗಳಿದ್ದವು, ಒಂದೊಂದಕ್ಕೂ ಸಾವಿರದ ಮೇಲೆ ಬೆಲೆ. ಅವುಗಳಲ್ಲಿ ರಾಪಲ ಎಂಬ ಹೆಸರಿನವು ನಾಲ್ಕು. ಆ ಹೆಸರಿನ ಹಿಂದಿರುವ ಕಥೆಯನ್ನು ಅವನಿಗೆ ಹೇಳಿದೆ. ಲೌರಿ ರಾಪಲ ಎಂಬಾತ ಫಿನ್ಲೆಂಡಿನ ಒಬ್ಬ ಬಡ ಮೀನುಗಾರ. ದೊಡ್ಡ ಮೀನುಗಳು ಹಿಂಡಿನಲ್ಲಿ ಸರಿಯಾಗಿ ಈಜುವ ಮೀನನ್ನು ಬಿಟ್ಟು, ತೂರಾಡುತ್ತ ಹೋಗುವ ನಿಶ್ಶಕ್ತ ಮೀನಿನ ಮೇಲೆಯೇ ಎರಗುವುದನ್ನು ಅವನು ಕಂಡನು. 1936ರಲ್ಲಿ ಬಿರಡೆಯ ಮರದ ತುಂಡನ್ನು ಚೂರಿಯಿಂದ ಕೆತ್ತಿ, ಚಾಕೊಲೇಟಿನ ಮೇಲಿನ ಬೆಳ್ಳಿಹಾಳೆಯನ್ನು ಅದಕ್ಕೆ ಸುತ್ತಿ, ಹಳೆಯ ಛಾಯಾಚಿತ್ರದ ಫಿಲ್ಮನ್ನು ಕರಗಿಸಿ ಮೇಲೆ ಬಳಿದು, ತೂರಾಡುವ ಹುಸಿಮೀನೊಂದನ್ನು ತಯಾರಿಸಿದನು. ಸಾವಿರ ರೂಪಾಯಿಯ ಆ ವಸ್ತು ಹುಟ್ಟಿದ್ದು ಹೀಗೆ, ಕಸದಿಂದ ಮತ್ತು ಕಣ್ಣಿನಿಂದ. "ತಮಾ, ಅವನಿಗೆ ಕಂಡದ್ದು ನಿನಗೆ ಕಾಣದೇ?" ಎಂದು ಕೇಳಿದೆ. ಹುಡುಗ ನಕ್ಕು, "ಹಂಗಾರೆ ಎರಡಾದ್ರೂ ತಗಳ್ತೇನೆ ಸರ್, ನೋಡಿ ಕೆತ್ತೂಕೆ" ಎಂದ. ಅದು ನ್ಯಾಯವಾದ ಮಾತು, ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಹೊಸ ಬಂಗಡೆಯೊಂದನ್ನು ಗಾಳಕ್ಕೆ ನೆಟ್ಟಗೆ ಹೊಲಿದು, ತಿರುಗದೆ ಈಜುವಂತೆ ಕಟ್ಟಿದರೆ ಅದನ್ನು ಮೀರಿಸುವ ಎರೆ ಅಂಗಡಿಯಲ್ಲಿಲ್ಲ. ಕೋಳಿಯ ಬಿಳಿಪುಕ್ಕವನ್ನು ಸೀಸದ ತಲೆಗೆ ಕಟ್ಟಿದ ಎರೆಯೂ ಕೇದರದಂತಹ ಮೀನಿಗೆ ಚೆನ್ನಾಗಿ ಒದಗುತ್ತದೆ.

ದಾರ ನಾಲ್ಕಕ್ಕಿಂತ ಹೆಚ್ಚು ಬೇಡ. ಒಂದು ಹದಿನೈದು ಮೀಟರ್ ಹಿಂದೆ, ಒಂದು ಮೂವತ್ತು, ಒಂದು ಐವತ್ತು, ಹೀಗೆ ಬೇರೆಬೇರೆ ದೂರದಲ್ಲಿ ಬಿಟ್ಟರೆ ತಿರುವಿನಲ್ಲಿ ತೊಡಕಾಗುವುದಿಲ್ಲ. ಎರಡು ಬಿದಿರು ಗಳುಗಳನ್ನು ದೋಣಿಯ ಬದಿಗಳಿಗೆ ಚಾಚಿ ಕಟ್ಟಿದರೆ ದಾರಗಳು ಇನ್ನಷ್ಟು ಅಗಲಕ್ಕೆ ಹರಡುತ್ತವೆ. ಇದನ್ನೇ ಅಲ್ಯೂಮಿನಿಯಂ ಕೊಳವೆಯಲ್ಲಿ ಮಾಡಿ 'ಔಟ್‌ರಿಗರ್' ಎಂದು ಮಾರುತ್ತಾರೆ. ನಮ್ಮ ಹಿತ್ತಿಲಿನಲ್ಲಿ ಬಿದಿರಿದೆ, ಬೇಕಾದವರು ಬಂದು ಕಡಿದುಕೊಂಡು ಹೋಗಬಹುದು.

ಪಟ್ಟಿಯಲ್ಲಿ ಇಲ್ಲದಿದ್ದ ನಾಲ್ಕು ವಸ್ತುಗಳನ್ನು ನಾನೇ ಸೇರಿಸಿದೆ. ಜೀವರಕ್ಷಕ ಜಾಕೆಟ್. ಕೈಚೀಲ, ಅಂದರೆ ಬೆರಳು ಮುಚ್ಚುವ ದಪ್ಪ ಗವಸು. ಕೈಗೆಟುಕುವಲ್ಲಿ ಯಾವಾಗಲೂ ಹರಿತವಾದ ಒಂದು ಚೂರಿ. ಓಡುವ ದಾರವನ್ನು ಅಂಗೈಗೆ ಸುತ್ತಿಕೊಳ್ಳುವುದು ಎಂದೆಂದಿಗೂ ಕೂಡದು. ಯಂತ್ರದ ರೆಕ್ಕೆಗೆ ದಾರ ಸುತ್ತಿದಾಗ, ಕಾಲಿಗೆ ದಾರ ತೊಡರಿದಾಗ, ಚೂರಿ ಹುಡುಕಲು ಸಮಯವಿರುವುದಿಲ್ಲ. ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554 ಎಂಬುದನ್ನು ದೋಣಿಯ ಒಳಬದಿಗೆ ಬಣ್ಣದಲ್ಲಿ ಬರೆಯಿಸು ಎಂದೂ ಹೇಳಿದೆ. ನಾಲ್ಕನೆಯದು ಒಳ್ಳೆಯ ಮಂಜುಗಡ್ಡೆಯ ಪೆಟ್ಟಿಗೆ. ಇದಕ್ಕೆ ಎಷ್ಟು ಹಣ ಹಾಕಿದರೂ ನಷ್ಟವಿಲ್ಲ. ಟ್ರಾಲ್ ಬಲೆಯ ಮೀನು ರಾಶಿಯಲ್ಲಿ ಹಿಸುಕಿ ಬಂದಿರುತ್ತದೆ. ಗಾಳದ ಮೀನು ಒಂದೊಂದಾಗಿ, ಜೀವಂತವಾಗಿ, ಗಾಯವಿಲ್ಲದೆ ದೋಣಿಗೆ ಬರುತ್ತದೆ. ಅದರ ರಕ್ತವನ್ನು ಕೂಡಲೇ ಹರಿಸಿ ಮಂಜುಗಡ್ಡೆಯಲ್ಲಿ ಮುಚ್ಚಿದರೆ ಆ ಮೀನಿಗೆ ಸಮವಾದುದು ಪೇಟೆಯಲ್ಲಿರುವುದಿಲ್ಲ. ಗಾಳದವನ ಲಾಭವಿರುವುದು ಮೀನಿನ ಸಂಖ್ಯೆಯಲ್ಲಲ್ಲ, ಈ ಪೆಟ್ಟಿಗೆಯಲ್ಲಿ.

ಇಷ್ಟೆಲ್ಲ ಹೊಡೆದು ಸೇರಿಸಿ ಕೂಡಿದಾಗ ಮೊತ್ತ ಮೂವತ್ತು ಸಾವಿರದೊಳಗೆ ಬಂತು, ಪೆಟ್ಟಿಗೆಯೂ ಜಿಪಿಎಸ್ಸೂ ಸೇರಿ. ತಾಯಿಯ ಬಂಗಾರ ಪೆಟ್ಟಿಗೆಯಲ್ಲಿಯೇ ಉಳಿಯಿತು.

ಆದರೆ ಅಪ್ಪ ಹೊರಡುವಾಗ ಜಗಲಿಯಲ್ಲಿ ನಿಂತು ಕೇಳಿದ ಪ್ರಶ್ನೆಗೆ ನನ್ನ ಕೆಂಪು ಪೆನ್ನಿನಲ್ಲಿ ಉತ್ತರವಿರಲಿಲ್ಲ. "ಗಾಳ ಎಲ್ಲಾ ಸರಿ ಮಾಸ್ತರ್ರೇ. ಮೀನೇ ಇಲ್ದೆ ಹೋದ್ರೆ?"

ಇಲ್ಲಿ ಸಲಕರಣೆಯ ಮಾತು ಸರಕಾರದ ಮಾತಾಗುತ್ತದೆ. ಒಂದು ಸಲಕರಣೆ ಇನ್ನೊಂದನ್ನು ಹೇಗೆ ಮುಗಿಸಿಬಿಡುತ್ತದೆ ಎಂಬುದನ್ನು ನಮ್ಮ ಕರಾವಳಿ ಒಮ್ಮೆ ಕಂಡಿದೆ. ದಡದಿಂದ ಬೀಸಿ ಊರಿನವರೆಲ್ಲ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯನ್ನು ನಿಮ್ಮಲ್ಲಿ ಹಿರಿಯರು ನೋಡಿದ್ದೀರಿ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಬಂಗಡೆ, ತಾರ್ಲೆಗಳ ಹಿಂಡು ದಡ ಸೇರುವ ಮೊದಲೇ ಕಡಲಿನಲ್ಲಿ ಅವನ್ನು ಸುತ್ತುವರಿದು ಎತ್ತತೊಡಗಿದವು. ಜಗಳಗಳಾದವು. ಹತ್ತು ವರ್ಷಗಳೊಳಗೆ ರಂಪಣಿ ಹೆಚ್ಚುಕಡಿಮೆ ನೆನಪಾಗಿ ಉಳಿಯಿತು. ಅದನ್ನು ಮುಗಿಸಿದ್ದು ರಂಪಣಿಯವರ ಸೋಮಾರಿತನವಲ್ಲ, ಮೀನು ಅವರವರೆಗೆ ಬರದೇ ಹೋದದ್ದು.

ಎಳೆಗಾಳಕ್ಕೂ ಇದೇ ಗತಿ ಬರಬಾರದು. ಇಸ್ವಾಣ ಎರಡು ಮೀಟರಿಗೂ ಮೀರಿ ಬೆಳೆಯಬಲ್ಲ ಮೀನು. ಮೊದಲ ಸಲ ಮೊಟ್ಟೆಯಿಡುವ ಹೊತ್ತಿಗೆ ಅದು ಮುಕ್ಕಾಲು ಮೀಟರಿನ ಆಸುಪಾಸು ಬೆಳೆದಿರಬೇಕು. ಮೊಳದುದ್ದದ ಮರಿಗಳನ್ನೇ ಬಲೆಯಲ್ಲಿ ಎತ್ತಿ ಮಾರಿದರೆ ಮೊಟ್ಟೆಯಿಡುವವರಾರು? ಅದರ ಆಹಾರವಾದ ಸಣ್ಣ ಮೀನು ರಾಶಿರಾಶಿಯಾಗಿ ಮೀನೆಣ್ಣೆ, ಮೀನುಹಿಟ್ಟಿನ ಕಾರ್ಖಾನೆಗಳಿಗೆ ಹೋಗುತ್ತಿದ್ದರೆ ಇಸ್ವಾಣ ದಡದ ಹತ್ತಿರ ಬರುವುದಾದರೂ ಏತಕ್ಕೆ? ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರಲ್ಲಿಯೇ ಬಂದಿದೆ. ಎರಡು ಬೋಟುಗಳು ಜೊತೆಯಾಗಿ ಒಂದೇ ಬಲೆಯನ್ನೆಳೆಯುವ ಬುಲ್ ಟ್ರಾಲಿಂಗನ್ನೂ ಪ್ರಖರ ದೀಪ ಹಾಕಿ ಮೀನನ್ನು ಸೆಳೆಯುವುದನ್ನೂ ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಆ ನಿಷೇಧದ ಪಾಲನೆಗಾಗಿ ನಾಡದೋಣಿಯವರು ಮತ್ತೆ ಮತ್ತೆ ಬೀದಿಗಿಳಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಕಾಯಿದೆಯ ಪುಸ್ತಕ ದಡದಲ್ಲಿದೆ, ದೀಪ ಕಡಲಿನಲ್ಲಿ ಉರಿಯುತ್ತದೆ.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ದಡದ ಹತ್ತಿರದ ನೀರು, ದ್ವೀಪಗಳ ಸುತ್ತಲಿನ ಕಲ್ಲುಗಳ ನೀರು, ಇವು ಗಾಳದವರಿಗೂ ಸಣ್ಣ ಬಲೆಯ ನಾಡದೋಣಿಗಳಿಗೂ ಸೇರಬೇಕು. ದೊಡ್ಡ ಬೋಟಿಗೆ ದೂರ ಹೋಗುವ ಶಕ್ತಿಯಿದೆ, ತೆರಿಗೆಯಿಲ್ಲದ ಡೀಸೆಲ್ಲಿನ ಸೌಲಭ್ಯವೂ ಇದೆ. ಹತ್ತಿರದ ನೀರನ್ನೂ ಅದೇ ಗುಡಿಸಿದರೆ, ಹೊಸದಾಗಿ ಕಡಲಿಗಿಳಿಯುವ ಹುಡುಗರು ಎಲ್ಲಿಗೆ ಹೋಗಬೇಕು? ದೊಡ್ಡ ಬೋಟುಗಳಲ್ಲಿ ದುಡಿಯುವವರೂ ನಮ್ಮ ಮಕ್ಕಳೇ, ಅವರಲ್ಲಿಯೂ ನನ್ನ ವಿದ್ಯಾರ್ಥಿಗಳಿದ್ದಾರೆ, ಈ ಮಾತಿಗೆ ಅವರು ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ. ಅವರ ಅಪ್ಪಂದಿರು ರಂಪಣಿಯ ಹಗ್ಗ ಹಿಡಿದು ಅತ್ತದ್ದನ್ನು ನಾನು ನೋಡಿದ್ದೇನೆ.

ಮೀನು ಕೊಳ್ಳುವವರಾದ ನಿಮ್ಮದೂ ಒಂದು ಪಾಲಿದೆ. ಬೆಂಗಳೂರು, ಮುಂಬಯಿಗಳಲ್ಲಿರುವ ನೀವು ಊರಿಗೆ ಬಂದಾಗ, ಮೊಳದುದ್ದದ ಇಸ್ವಾಣವನ್ನು ಅಗ್ಗವೆಂದು ಕೊಳ್ಳಬೇಡಿರಿ. "ಗಾಳದ್ದೋ, ಬಲೆದ್ದೋ?" ಎಂದು ಮೀನು ಮಾರುವ ಅಕ್ಕನನ್ನು ಕೇಳಿರಿ. ಹತ್ತು ಜನ ಕೇಳಿದರೆ ಅವಳು ಹರಾಜಿನಲ್ಲಿ ಅದನ್ನೇ ಕೇಳುತ್ತಾಳೆ. ಗಾಳದವರೂ ತುಂಡಾದ ನೈಲಾನ್ ದಾರವನ್ನು ಕಡಲಿಗೆಸೆಯದೆ ಮನೆಗೆ ತರಬೇಕು. ಅದು ಕೊಳೆಯುವ ವಸ್ತುವಲ್ಲ, ಆಮೆಯ ಕೊರಳಿಗೂ ಹಕ್ಕಿಯ ಕಾಲಿಗೂ ಉರುಳಾಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. 'ಎಳೆಗಾಳ' ಎಂಬುದು ನಾನು ಕಟ್ಟಿದ ಪದವೆಂದೆನಷ್ಟೆ. ಖಾರ್ವಿಯವರಲ್ಲಿ, ಹರಿಕಾಂತರಲ್ಲಿ, ಮೊಗವೀರರಲ್ಲಿ, ಅಂಬಿಗರಲ್ಲಿ ಓಡುವ ದೋಣಿಯ ಹಿಂದೆ ಬಿಡುವ ಗಾಳಕ್ಕೆ ಬೇರೆಬೇರೆ ಹೆಸರುಗಳಿರಬಹುದು. 1956ರವರೆಗೆ ಮಂಗಳೂರಿನ ಆಡಳಿತಕ್ಕೇ ಸೇರಿದ್ದ ಅಮಿನಿ, ಕಡಮತ್ ಮೊದಲಾದ ದ್ವೀಪಗಳವರ ಒಡನಾಟದಿಂದ ಬಂದ ಪದಗಳೂ ಇದ್ದಾವು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಗಾಳ, ತಂತಿ, ಸೀಸ, ಎರೆ ಒಂದೊಂದಕ್ಕೂ ಅವರ ಬಾಯಲ್ಲಿರುವ ಹೆಸರನ್ನು ಬರೆದು ಕಳುಹಿಸಿರಿ. ಊರಿನ ಹೆಸರನ್ನೂ ಜೊತೆಗೆ ಬರೆಯಲು ಮರೆಯಬೇಡಿರಿ.